ಮೂರನೆಯ ಏಟು

ಎಪ್ಪತ್ತರ ದಶಕ ಅರ್ಧ ದಾಟಿತ್ತು. ನಾನು ನೇಸರಗಿಯ ಹೈಸ್ಕೂಲಿನಲ್ಲಿ ಹತ್ತನೆಯ ತರಗತಿಯಲ್ಲಿದ್ದೆ. ವಿಜ್ಞಾನದ ಮಾಸ್ತರರು ಮೇಜಿನ ಮೇಲೆ ಸೆಲ್ಲು, ಸಣ್ಣ ಬಲ್ಬು ಇಟ್ಟು, ತಂತಿಗಳ ನಡುವೆ ಮೊಳೆ, ಸೀಮೆಸುಣ್ಣ, ಕಟ್ಟಿಗೆಯ ಚೂರು ಒಂದೊಂದಾಗಿ ಹಿಡಿದು ತೋರಿಸಿದರು. ಮೊಳೆಗೆ ಮಾತ್ರ ಬಲ್ಬು ಹೊತ್ತಿತು. ಮರುದಿನ ಕೇಳಿದಾಗ ನಾನು ತಡವರಿಸಿದೆ. ಅಂಗೈ ಚಾಚಿಸಿ ರೂಲರಿನಿಂದ ಬಾರಿಸಿದರು.

"ಕಬ್ಬಿಣ?"

"ವಾಹಕ, ಸರ್."

"ಕಟ್ಟಿಗಿ?"

"ಅವಾಹಕ."

"ಒಣಾ ಕಟ್ಟಿಗಿ ಅನ್ನು. ಹಸೀದನ್ನ ನಂಬಿದ್ರ ಸಾಯ್ತಿ," ಎಂದು ಮತ್ತೊಂದು ಕೊಟ್ಟರು.

ಹೊಡೆತ ನನಗೆ ಹೊಸದಾಗಿರಲಿಲ್ಲ. ಅಪ್ಪ ಎತ್ತಿಗೂ ಹೊಡೆಯುತ್ತಿದ್ದ, ಅವ್ವನಿಗೂ ಹೊಡೆಯುತ್ತಿದ್ದ. ಅದೇ ವಾರ ಒಂದು ಬೆಳಿಗ್ಗೆ ನಾನು ಪಾಟಿಚೀಲ ಹೆಗಲಿಗೆ ಹಾಕಿಕೊಂಡದ್ದನ್ನು ಕಂಡು ಜಡೆ ಹಿಡಿದು ಅಂಗಳದವರೆಗೆ ಎಳೆದ. "ಇವತ್ತ ಗೋಧಿಗೆ ನೀರ ಬಿಡೂದೈತಿ. ಸಾಲಿ ಗೀಲಿ ಏನಿಲ್ಲ, ನಡಿ ಹೊಲಕ್ಕ."

ಬಾವಿಯ ಪಕ್ಕದ ಗುಡಿಸಲಲ್ಲಿ ಪಂಪಿನ ಸ್ವಿಚ್ಚಿತ್ತು. ಅದರ ಪೆಟ್ಟಿಗೆ ಕಬ್ಬಿಣದ್ದು. ಒಳಗೆ ತಂತಿ ಸವೆದು ಪೆಟ್ಟಿಗೆಗೇ ತಾಗಿತ್ತೆಂದು ಆಮೇಲೆ ತಿಳಿಯಿತು. ಅಪ್ಪ ಕೆಸರುಗಾಲಲ್ಲೇ ಹೋಗಿ ಹಿಡಿಕೆಗೆ ಕೈ ಹಾಕಿದ. ಕೈ ಹಾಗೇ ಬಿಗಿಯಿತು. ಹಲ್ಲು ಕಚ್ಚಿಕೊಂಡವು, ಕಣ್ಣು ಹೊರಳಿತು. ಮೈಯೆಲ್ಲ ಅದುರತೊಡಗಿತು.

ನಮ್ಮ ಜೊತೆಗೇ ಹೊಲಕ್ಕೆ ಬಂದಿದ್ದ ಅವ್ವ ಕಿರುಚುತ್ತ ಹಿಡಿದೆಳೆಯಲು ಓಡಿದಳು. ನಾನು ಅವಳನ್ನು ಜೋರಾಗಿ ನೂಕಿದೆ. ಗುಡಿಸಲ ಹೊರಗಿನ ಕಾಲುವೆಯೊಳಗೆ ಬೋರಲು ಬಿದ್ದಳು. ಎದುರಿಗೆ ಹಾರೆ ಇತ್ತು. ಎತ್ತಿಕೊಂಡವಳು ಕಬ್ಬಿಣ ಎಂದು ಬಿಸಾಡಿದೆ. ಗೋಡೆಗೊರಗಿಸಿದ್ದ ಒಣಗಿದ ಜಾಲಿ ಬಡಿಗೆ ಸಿಕ್ಕಿತು. ಮೂಲೆಯಲ್ಲಿದ್ದ ಗೋಣಿಚೀಲಗಳನ್ನು ಎಳೆದು ಹಾಕಿ, ಅವುಗಳ ಮೇಲೆ ನಿಂತು ಅಪ್ಪನ ಮಣಿಕಟ್ಟಿಗೆ ಹೊಡೆದೆ. ಬಿಡಲಿಲ್ಲ. ಮತ್ತೆ ಹೊಡೆದೆ. ಎಲುಬು ಲಟಕ್ಕೆಂದದ್ದು ಕೇಳಿಸಿತು. ಕೈ ಕಳಚಿ ಅಪ್ಪ ನೆಲಕ್ಕೆ ಬಿದ್ದ.

ಬಿದ್ದವನ ಹೆಗಲ ಮೇಲೆ ಇನ್ನೊಂದು ಹೊಡೆದೆ.

ಅಷ್ಟರಲ್ಲಿ ಪಕ್ಕದ ಹೊಲದಿಂದ ಓಡಿ ಬಂದ ಅಪ್ಪನ ತಮ್ಮ, ನಮ್ಮ ಕಾಕಾ, ಕಂಡದ್ದು ಅದೊಂದನ್ನೇ. "ಅಪ್ಪನ್ನ ಕೊಲ್ಲತಿ ಏನ ರಂಡಿ!" ಎಂದು ಕಪಾಳಕ್ಕೆ ಬಿಗಿದ. ನಾನು ಗೋಡೆಗೆ ಬಡಿದು ಬಿದ್ದೆ; ಕಿವಿಯಿಂದ ರಕ್ತ ಬಂತು. ಬಡಿಗೆ ಕಸಿದು ಬೆನ್ನ ಮೇಲೆ ಎರಡು ಹಾಕಿದ. ಕೆಸರಿನಿಂದೆದ್ದು ಬಂದ ಅವ್ವ ಅವನ ರಟ್ಟೆಗೆ ಜೋತುಬಿದ್ದು, "ಬಿಡಪಾ, ಕರೆಂಟ್ ಹಿಡದಿತ್ತು ಅವರನ್ನ! ಆಕಿ ಬಿಡಿಸ್ಯಾಳ!" ಎಂದು ಕೂಗಿದಳು.

ಅಪ್ಪ ಉಸಿರಾಡುತ್ತಿದ್ದ. ಎತ್ತಿನ ಚಕ್ಕಡಿಯಲ್ಲಿ ಊರಿಗೆ ತಂದು, ಅಲ್ಲಿಂದ ಬಸ್ಸಿನಲ್ಲಿ ಬೈಲಹೊಂಗಲದ ದವಾಖಾನೆಗೆ ಒಯ್ದರು. ಮಣಿಕಟ್ಟು ಮುರಿದಿತ್ತು, ಅಂಗೈ ಸುಟ್ಟಿತ್ತು. ಜೀವಕ್ಕೆ ಅಪಾಯವಿರಲಿಲ್ಲ. ನನ್ನ ಎಡಗಿವಿ ಇಂದಿಗೂ ಮಂದ.

ಊರಲ್ಲಿ ಕೆಲವರು ಜಾಣ ಹುಡುಗಿ ಎಂದರು. ಅಪ್ಪನ ಕೈ ಮುರಿದ ಮಗಳು ಎಂದವರೇ ಹೆಚ್ಚು. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕಟ್ಟೆಯ ಮೇಲೆ ಕೂತ ಅಪ್ಪ ಒಂದು ಮಧ್ಯಾಹ್ನ ನನ್ನನ್ನು ಕರೆದ.

"ಎಷ್ಟ ಹೊಡದಿ ನನಗ?"

"ಮೂರು."

"ಎರಡನೇದಕ್ಕ ಕೈ ಬಿಟ್ಟಿತ್ತು. ನನಗ ಎಚ್ಚರ ಇತ್ತು."

ಗಾಬರಿಯಲ್ಲಿ ಹೊಡೆದೆ ಎನ್ನಬಹುದಿತ್ತು. ಅದು ಸುಳ್ಳಾಗುತ್ತಿತ್ತು. ಅವನು ಬೇರೇನೂ ಕೇಳದೆ, "ನೀರ ತಾ," ಎಂದ.

ಅಪ್ಪ ಬದಲಾದನೆಂದು ಹೇಳಲಾರೆ. ಪ್ಲಾಸ್ಟರ್ ಬಿಚ್ಚಿದ ವಾರವೇ ರೊಟ್ಟಿ ಸೀದುಹೋಯಿತೆಂದು ಅವ್ವನ ಮೇಲೆ ಕೈ ಎತ್ತಿದ. ನಾನು ನಡುವೆ ಹೋಗಿ ನಿಂತೆ. ಸೊಟ್ಟಗೆ ಕೂಡಿದ ಆ ಕೈ ಸ್ವಲ್ಪ ಹೊತ್ತು ಹಾಗೇ ಮೇಲಿತ್ತು. ಆಮೇಲೆ ಅವನು ಅದನ್ನು ಇಳಿಸಿ ಹೊರಗೆ ಹೋದ.