ಸುಮಿತಾ ನೇತುಹಾಕದ ಬಿಲ್ಲೆ

ಬೆಳಗಿನ ಐದೂಮುಕ್ಕಾಲು. ಬಂಗಾರಪೇಟೆಯ ಸ್ಟೇಷನ್ ರಸ್ತೆಯಲ್ಲಿ ಹಾಲಿನ ವ್ಯಾನ್ ಬಿಟ್ಟರೆ ಬೇರೆ ಸದ್ದಿಲ್ಲ. ಟಾರ್ಪಾಲು ಹೊದ್ದು ನಿಂತ ಪಾನಿಪುರಿ ಗಾಡಿಯ ಪಕ್ಕದಲ್ಲೇ ಕಿರಿದಾದ ಮೆಟ್ಟಿಲು. ಅದನ್ನು ಹತ್ತಿ ಸುಮಿತಾ ಶಟರ್ ಎತ್ತುತ್ತಾರೆ, ಕಂಪ್ಯೂಟರ್ ಹಾಕುತ್ತಾರೆ, ಬ್ಯಾಗಿನಿಂದ ಮರದ ಸ್ಕೇಲ್ ತೆಗೆಯುತ್ತಾರೆ. ಪರದೆಯ ಮೇಲೆ ಒಂದು ದೊಡ್ಡ ಬ್ಯಾಂಕಿನ ವಾರ್ಷಿಕ ವರದಿ. ಸ್ಕೇಲನ್ನು ಪರದೆಗೇ ಅಡ್ಡ ಹಿಡಿದು ಒಂದೊಂದೇ ಸಾಲು ಕೆಳಗಿಳಿಸುತ್ತಾರೆ. ಇವರ ಬಗ್ಗೆ ಬರೆಯಲು ಬಂದ ನಾನು ಪಕ್ಕದಲ್ಲಿ ಕೂತಿದ್ದೇನೆ.

"ಕಣ್ಣು ಜಾರ್ತದೆ ಸಾರ್, ಸ್ಕೇಲ್ ಜಾರಲ್ಲ."

ಒಂಬತ್ತು ಗಂಟೆಯೊಳಗೆ ಐದು ಬ್ಯಾಂಕುಗಳ ಹೋಲಿಕೆ ಪಟ್ಟಿ ಬೆಂಗಳೂರಿನ ಕಂಪನಿಗೆ ಹೋಗಬೇಕು. ಏನು ಹೋಲಿಕೆ ಎಂದು ಕೇಳಿದರೆ ಹೀಗೆ ಹೇಳುತ್ತಾರೆ: "ಕೊಟ್ಟ ಸಾಲ ಎಲ್ಲಾ ವಾಪಸ್ ಬರಲ್ಲ. ಬರದೇ ಓಗೋ ಸಾಲಕ್ಕೆ ಬ್ಯಾಂಕ್ನೋರು ಲಾಭದಲ್ಲಿ ಮೊದ್ಲೇ ಇಷ್ಟು ಅಂತ ಎತ್ತಿಡಬೇಕು. ಕಮ್ಮಿ ಎತ್ತಿಟ್ಟೋರಿಗೆ ಲಾಭ ಜಾಸ್ತಿ ಕಾಣ್ತದೆ. ಯಾರು ಎಷ್ಟು ಎತ್ತಿಟ್ಟವ್ರೆ ಅಂತ ಪಕ್ಕಪಕ್ಕ ಇಟ್ಟು ತೋರಿಸೋದೇ ನನ್ ಕೆಲ್ಸ."

ಇಷ್ಟು ಸರಳವಾಗಿ ಹೇಳಲು ಟಿವಿಯಲ್ಲಿ ಟೈ ಕಟ್ಟಿಕೊಂಡು ಕೂರುವ ಒಬ್ಬರಿಗಾದರೂ ಬರುತ್ತದೆಯೇ?

ಸುಮಿತಾಗೆ ಮೂವತ್ತಾರು. ಮನೆ ನಂದಿದುರ್ಗ ಗಣಿ ಕೆಲಸಗಾರರ ಸಾಲುಮನೆಯಲ್ಲಿ, ಅವರು ಲೈನ್ ಎನ್ನುವಲ್ಲಿ. ಅಪ್ಪ ಪೆರುಮಾಳ್ ಚಿನ್ನದ ಗಣಿಯಲ್ಲಿ ಇಪ್ಪತ್ತಾರು ವರ್ಷ ಇಳಿದವರು. ಗಣಿ ಮುಚ್ಚಿದಾಗ ಮಗಳು ಇನ್ನೂ ಶಾಲೆಯಲ್ಲಿದ್ದಳು. ಅಮ್ಮ ಮುನಿಶಾಮಮ್ಮ ಲೈನಿನ ಬಾಗಿಲಲ್ಲಿ ಇಡ್ಲಿ ಮಾರಿ ಬಿ.ಕಾಂ. ಓದಿಸಿದರು. ಹನ್ನೊಂದು ವರ್ಷದಿಂದ ಸುಮಿತಾ ಈ ಮಹಡಿಯಲ್ಲಿ ದಿನಕ್ಕೆ ನಾನೂರು ಸಾಲು ಅಂಕಿ ತಾಳೆ ನೋಡುತ್ತಿದ್ದಾರೆ. ತಿಂಗಳಿಗೆ ಹನ್ನೊಂದೂವರೆ ಸಾವಿರ. ಇವರ ಪಟ್ಟಿಯಿಂದ ತಯಾರಾಗುವ ವರದಿಯ ಮುಖಪುಟದಲ್ಲಿ ನಾಲ್ಕು ಜನರ ಹೆಸರಿರುತ್ತದೆ. ಆ ನಾಲ್ವರಲ್ಲಿ ಒಬ್ಬರೂ ಈ ಮೆಟ್ಟಿಲು ಹತ್ತಿದವರಲ್ಲ. ನನಗೆ ಮೈ ಉರಿಯುತ್ತದೆ, ಸುಮಿತಾ ಮಾತ್ರ ನಗುತ್ತಾರೆ.

ಇವರ ತಾಳೆಯ ರೀತಿ ಯಾವ ಕಾಲೇಜಿನದೂ ಅಲ್ಲ, ಗಣಿಯದು. ಗಣಿಗೆ ಇಳಿಯುವವನು ಹಲಗೆಯ ಮೊಳೆಯಿಂದ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ತೆಗೆದುಕೊಂಡು ಇಳಿಯಬೇಕು, ಮೇಲೆ ಬಂದ ಮೇಲೆ ವಾಪಸ್ ನೇತುಹಾಕಬೇಕು. ಮೊಳೆ ಖಾಲಿ ಇದ್ದರೆ ಆಳು ಇನ್ನೂ ಒಳಗಿದ್ದಾನೆ ಎಂದರ್ಥ. ಒಂದು ಸಲ ಶಿಫ್ಟ್ ಮುಗಿದಾಗ ಗಣಿಯೊಳಗೇ ಗೆಳೆಯನೊಬ್ಬ ತನ್ನ ಬಿಲ್ಲೆಯನ್ನು ಪೆರುಮಾಳ್ ಕೈಗೆ ಕೊಟ್ಟು, "ಇಂದ್ಗಡೇನೇ ಬತ್ತೀನಿ, ನಂದೂ ನೇತಾಕು" ಎಂದ. ಸಾಲಿನಲ್ಲಿ ನಿಲ್ಲುವುದು ತಪ್ಪಲಿ ಎಂದು ಎಲ್ಲರೂ ಮಾಡುತ್ತಿದ್ದದ್ದೇ. ಪೆರುಮಾಳ್ ನೇತುಹಾಕಿ ಮನೆಗೆ ಬಂದರು. ಅಷ್ಟರಲ್ಲಿ ಗಣಿಯೊಳಗೆ ಗೆಳೆಯನ ಮೇಲೆ ಬಂಡೆ ಜಾರಿತ್ತು. ಹಲಗೆ ತುಂಬಿತ್ತಲ್ಲ, ಯಾರೂ ಹುಡುಕಲಿಲ್ಲ. ಸಿಕ್ಕಿದ್ದು ಎಂಟು ತಾಸಿನ ನಂತರ, ಉಸಿರಿಲ್ಲದೆ.

"ನಮ್ಮಪ್ಪ ಈಗ್ಲೂ ಅನ್ನ ಕಲಸ್ತಾ ಕಲಸ್ತಾ ಕೈ ನಿಲ್ಲಿಸ್ಬಿಡ್ತಾರೆ ಸಾರ್. ಯಾರ್ ಜೊತೇನೂ ಕೂತು ಉಣ್ಣಲ್ಲ. ಅದ್ಕೇ ನಾನು ಎಷ್ಟು ಇಳೀತು, ಎಷ್ಟು ಮೇಲೆ ಬಂತು ಅಂತ ನೋಡ್ದೆ ಸೈನ್ ಆಕಲ್ಲ."

ಈ ಬೆಳಗ್ಗೆ ಮೂರನೇ ಬ್ಯಾಂಕಿನ ಹತ್ತಿರ ಸ್ಕೇಲ್ ನಿಂತಿದೆ. ವರ್ಷದ ಆರಂಭದಲ್ಲಿ ಕೆಟ್ಟ ಸಾಲ ಒಂಬತ್ತು ಸಾವಿರದ ಇನ್ನೂರು ಕೋಟಿ. ಹೊಸದಾಗಿ ಕೆಟ್ಟಿದ್ದು ಮೂರು ಸಾವಿರದ ನೂರು. ವಸೂಲಾಗಿದ್ದು ಸಾವಿರದ ಒಂಬೈನೂರು, ಪುಸ್ತಕದಿಂದ ಹೊಡೆದುಹಾಕಿದ್ದು ಸಾವಿರದ ನಾನೂರು. ಉಳಿಯಬೇಕಾದದ್ದು ಒಂಬತ್ತು ಸಾವಿರ. ವರದಿಯಲ್ಲಿರುವುದು ಎಂಟು ಸಾವಿರದ ನಾನೂರು. ಉಳಿದ ಆರುನೂರು ಕೋಟಿ ಎಲ್ಲಿ? ಇನ್ನೂರ ಹದಿನಾಲ್ಕನೇ ಪುಟದ ಅಡಿಯಲ್ಲಿ, ಇರುವೆಗಾತ್ರದ ಅಕ್ಷರದಲ್ಲಿ, ಹಳೇ ಸಾಲಕ್ಕೇ ಹೊಸ ಹೆಸರಿಟ್ಟು ಬೇರೆ ಖಾತೆಗೆ ಸಾಗಿಸಿದ್ದಾರೆ. ನೂರಕ್ಕೆ ಎಪ್ಪತ್ತೈದು ಎತ್ತಿಟ್ಟಿದ್ದೇವೆ ಎಂದು ಬ್ಯಾಂಕು ಎದೆ ತಟ್ಟಿಕೊಳ್ಳುತ್ತಿದೆ. ಆ ಆರುನೂರನ್ನೂ ಸೇರಿಸಿದರೆ ಸುಮಿತಾ ಲೆಕ್ಕಕ್ಕೆ ಬರುವುದು ಎಪ್ಪತ್ತು. ಎಂಥಾ ಭಂಡತನ! ನಾವು ನೀವು ನಂಬಿ ದುಡ್ಡಿಡುವ ಜಾಗದಲ್ಲೇ ನಮ್ಮ ಕಣ್ಣಿಗೆ ಮಣ್ಣೆರಚುತ್ತಾರೆ.

ಸುಮಿತಾ ಪಟ್ಟಿಯಲ್ಲಿ ಎಪ್ಪತ್ತು ಎಂದು ಬರೆದು, ಕಾರಣವನ್ನು ಕೆಂಪಕ್ಷರದಲ್ಲಿ ಸೇರಿಸುತ್ತಾರೆ.

ಎಂಟೂವರೆಗೆ ಮೇಲ್ವಿಚಾರಕ ಅಂಬರೀಶ್ ಬರುತ್ತಾರೆ. ಕೆಂಪು ಸಾಲು ನೋಡಿದ್ದೇ ಮುಖ ಸಿಂಡರಿಸುತ್ತಾರೆ.

"ಇದೆಲ್ಲಾ ಯಾಕಮ್ಮ ನಿಂಗೆ? ವರದಿಯಲ್ಲಿ ಎಪ್ಪತ್ತೈದು ಐತೆ, ಎಪ್ಪತ್ತೈದು ಆಕು."

"ತಾಳೆ ಆಗಲ್ಲ ಅಂಬರೀಶ್ ಸಾರ್. ಆರುನೂರು ಇನ್ನೂ ಒಳಗೇ ಅದೆ."

"ನೀನು ಟೈಪ್ ಮಾಡೋಳು. ಆಡಿಟ್ ಮಾಡೋಳಲ್ಲ. ತಿಂಗಳ ಕೊನೆಗೆ ನಿನ್ ಕಾಂಟ್ರಾಕ್ಟ್ ಮುಗೀತದೆ, ಗೊತ್ತಲ್ಲ? ಆ ಸಾಲು ತೆಗ್ದು ಸೈನ್ ಆಕು. ಇಲ್ಲಾಂದ್ರೆ ನಾಳೆಯಿಂದ ಬರ್ಬ್ಯಾಡ."

ಥೂ! ಹನ್ನೊಂದು ವರ್ಷ ದುಡಿದ ಹೆಂಗಸಿಗೆ ಆಡುವ ಮಾತೇ ಇದು? ನನ್ನ ನಾಲಿಗೆ ತುದಿಗೆ ಬಂದದ್ದನ್ನು ಸುಮಿತಾ ಕಣ್ಣಲ್ಲೇ ತಡೆಯುತ್ತಾರೆ. ಆ ಹನ್ನೊಂದೂವರೆ ಸಾವಿರ ಬಿಟ್ಟರೆ ಅಪ್ಪನ ಎದೆಯ ಮಾತ್ರೆಗೂ ಬೇರೆ ದಾರಿಯಿಲ್ಲ. ಗೋಡೆಯ ಗಡಿಯಾರದಲ್ಲಿ ಎಂಟು ಐವತ್ತು. ಸುಮಿತಾ ಕೆಂಪು ಸಾಲನ್ನು ಇನ್ನೊಮ್ಮೆ ತಾಳೆ ನೋಡುತ್ತಾರೆ. ಆಮೇಲೆ ಸ್ಕೇಲನ್ನು ಬ್ಯಾಗಿಗೆ ಹಾಕಿಕೊಂಡು ಎದ್ದು ನಿಲ್ಲುತ್ತಾರೆ.

"ನಾನು ಆಕಲ್ಲ ಸಾರ್."

ಅಂಬರೀಶ್ ಆ ಕುರ್ಚಿಯಲ್ಲೇ ಕೂತು ಕೆಂಪು ಸಾಲು ಅಳಿಸಿ, ಎಪ್ಪತ್ತೈದು ಎಂದು ತಿದ್ದಿ, 'ಪರಿಶೀಲಿಸಿದವರು' ಎಂಬಲ್ಲಿ ತನ್ನ ಹೆಸರು ಹಾಕುತ್ತಾರೆ. ಒಂದೇ ಒಂದು ಅಂಕಿ ನೋಡದೆ! ಒಂಬತ್ತಕ್ಕೆ ಸರಿಯಾಗಿ ಪಟ್ಟಿ ಬೆಂಗಳೂರು ಸೇರುತ್ತದೆ.

ಸುಮಿತಾ ಜೊತೆ ಅವರ ಮನೆಗೆ ಹೊರಟ ಬಸ್ಸಿನಲ್ಲಿ ನಾನೇ ಕುದಿಯುತ್ತಿದ್ದೇನೆ. ನಿಮ್ಮ ಹೆಸರು ವರದಿಯಲ್ಲಿ ಬರಬೇಕಿತ್ತು ಎನ್ನುತ್ತೇನೆ. ಸುಮಿತಾ ತಲೆಯಾಡಿಸುತ್ತಾರೆ. "ನನ್ ಎಸ್ರು ಏನಕ್ಕೆ ಸಾರ್. ಆ ಆರುನೂರು ಬಂದಿದ್ರೆ ಸಾಕಾಗಿತ್ತು."

ನಂದಿದುರ್ಗದ ಲೈನಿನ ಬಾಗಿಲಲ್ಲಿ ಪೆರುಮಾಳ್ ಕೆಮ್ಮುತ್ತಾ ಕೂತಿದ್ದಾರೆ. ಮಗಳು ಹೊತ್ತಲ್ಲದ ಹೊತ್ತಿನಲ್ಲಿ ಬಂದದ್ದು ನೋಡಿ ಮೇಲೇಳುತ್ತಾರೆ.

"ಏನ್ ಮ್ಮಾ, ಇಷ್ಟ್ ಬೇಗ?"

"ಕೆಲ್ಸ ಓಯ್ತು ಅಪ್ಪ. ಒಳಗಿರೋರ ಬಿಲ್ಲೆ ನೇತಾಕು ಅಂದ್ರು. ನಾನು ಆಕ್ಲಿಲ್ಲ."

ಮುದುಕ ಮಗಳ ಕೈಯಿಂದ ಬ್ಯಾಗು ಇಸಿದುಕೊಳ್ಳುತ್ತಾರೆ. ಆಮೇಲೆ ಒಳಗೆ ತಿರುಗಿ ಹೆಂಡತಿಯನ್ನು ಕೂಗುತ್ತಾರೆ.

"ಮುನಿಶಾಮ, ತಟ್ಟೆ ಇಡು. ಇವತ್ತು ನಾನೂ ನನ್ ಮಗಳ ಜೊತೆ ಕೂತು ಉಣ್ತೀನಿ."