ಚೆಂಡು ಕಾಣದ ಕಾಮೆಂಟ್ರಿ

ಹಳಿಯಾಳದ ಹತ್ತಿರದ ಸಿದ್ದಿಗೇರಿಯಲ್ಲಿ ಕೂಲಿನಾಲಿ ಮಾಡಿಕೊಂಡಿರುವ ಲಾರೆನ್ಸ್‌ಗೆ ಸ್ಕಿಜೋಫ್ರೇನಿಯಾ. ಗುಳಿಗೆ ನುಂಗತೊಡಗಿದ ಮೇಲೆ ಕಿವಿಯಲ್ಲಿ ಬೈಯುವ ದನಿಗಳೇನೋ ತಣ್ಣಗಾಗಿದ್ದವು. ಆದರೆ ಕ್ರಿಕೆಟ್ಟಿನಲ್ಲಿ ಸುಲಭದ ಕ್ಯಾಚುಗಳೂ ಕೈತಪ್ಪುತ್ತಿದ್ದವು. “ಇವಗ ಆಟದಾಗ ಲಕ್ಷ್ಯನ ಇಲ್ಲ” ಎಂದು ಗೆಳೆಯರು ರೇಗುತ್ತಿದ್ದರು. ಅವನೂ ಹಾಗೆಯೇ ನಂಬಿದ್ದ.

ಒಮ್ಮೆ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವನ ಮುಖದ ಮುಂದೆ ಪೆನ್ನನ್ನು ಮೆಲ್ಲಗೆ ಸರಿಸುತ್ತ, ಅದನ್ನು ಕಣ್ಣಿನಿಂದಲೇ ಹಿಂಬಾಲಿಸಲು ಹೇಳಿದರು. ಅವನ ಕಣ್ಣು ಹಿಂದುಳಿಯುವುದು, ಆಮೇಲೆ ಟಣ್ಣನೆ ಹಾರಿ ಪೆನ್ನನ್ನು ದಾಟಿಬಿಡುವುದು.

ಜೊತೆಗೆ ಬಂದಿದ್ದ ಅಕ್ಕ ಜ್ಯೂಲಿಗೆ ನಗು ತಡೆಯಲಾಗಲಿಲ್ಲ. “ಪೆನ್ನು ಚಕ್ಕಡ್ಯಾಗ ಹೊಂಟೈತಿ, ಇವನ ಕಣ್ಣು ಕಪ್ಪಿ ಜಿಗಿದಂಗ ಜಿಗೀತಾವ!”

“ಈ ಕಾಯಿಲೆ ಇರೂ ಭಾಳ ಮಂದಿಗೆ ಹಿಂಗ ಆಗತೈತಿ. ಕ್ಯಾಚ್ ತಪ್ಪೂದೂ ಇದರಿಂದನ ಇರಬೇಕು. ಇದು ಅಸಡ್ಡೆ ಅಲ್ರಿ,” ಎಂದರು ಡಾಕ್ಟರಮ್ಮ. ಲಾರೆನ್ಸ್‌ನ ಎದೆ ಹಗುರಾಯಿತು.

ಮುಂದಿನ ಭಾನುವಾರದ ಪಂದ್ಯಕ್ಕೆ ಅವನು ಮೈದಾನಕ್ಕಿಳಿಯದೆ ಮೈಕು ಹಿಡಿದ.

“ಚೆಂಡು ಎತ್ತ ಹೋತೋ ನನಗ ಕಾಣ್ಲಿಲ್ಲ. ಆದ್ರ ಫೀಲ್ಡರ್ ಸ್ಟೀವನ್ ಲುಂಗಿ ಹಿಡ್ಕೊಂಡು ಓಡಾಕತ್ತಾನ. ಅಕಾ ನೋಡ್ರಿ, ಸೋನುಬಾಯಿ ಆಡು ಪಿಚ್ಚಿಗೆ ಬಂತು! ಅಂಪೈರ್ ಟೊಪಗಿಗೆ ಬಾಯಿ ಹಾಕ್ತು! ಅಂಪೈರ್ ಔಟ್!”

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಂದೆಡೆ ನಿಲ್ಲದ ಅವನ ಕಣ್ಣಿಗೆ ಅಂದು ಕೈತುಂಬ ಕೆಲಸ.

ಸಂಜೆ ಮನೆಯಲ್ಲಿ ಜ್ಯೂಲಿ ಕೇಳಿದಳು, “ಯಾರು ಗೆದ್ರು?”

ಲಾರೆನ್ಸ್ ತಲೆ ಕೆರೆದುಕೊಂಡ. “ಅದನ್ನ ಕೇಳೂದ ಮರತೆ ನೋಡ. ಆದ್ರ ಮುಂದಿನ ಐತವಾರನೂ ಮೈಕು ನನಗ ಕೊಡ್ತಾರಂತ!”