ಸದ್ದು ಮಾಡದ ವಾಲ್ವು

ದುಬೈಯ ಅಲ್ ಮುರಕ್ಕಬಾತ್‌ನ ನಮ್ಮ ಫ್ಲ್ಯಾಟಿನಲ್ಲಿ ಒಲೆಯ ಗುಂಡಿ ತಿರುಗಿಸಿದರೆ ಮೊದಲು ಟಿಕ್ ಟಿಕ್ ಎಂದು ನಾಲ್ಕೈದು ಸಲ ಸದ್ದಾಗುತ್ತದೆ, ಆಮೇಲೆ ಬೆಂಕಿ ಏಳುತ್ತದೆ. ಇವತ್ತು ಬೆಳಿಗ್ಗೆ ಸುಮತಿ ಚಹಾಕ್ಕೆ ಇಟ್ಟಾಗ ನಾನು ಫ್ರಿಜ್ಜಿನ ಬಳಿ ನಿಂತಿದ್ದೆ. ಟಿಕ್ ಟಿಕ್ ನಿಂತು ಭುಗ್ ಎಂದದ್ದೇ, ನನಗರಿವಿಲ್ಲದೆ ಎರಡು ಹೆಜ್ಜೆ ಹಿಂದೆ ಸರಿದು ಹಾಲಿನ ಬಾಟಲಿಯನ್ನು ಎದೆಗೆ ಅವಚಿಕೊಂಡಿದ್ದೆ.

"ಇನ್ನೂ ಹೋಗ್ಲಿಲ್ವಾ ಅದು?" ಎಂದಳು ನನ್ನ ಹೆಂಡತಿ, ತಿರುಗಿ ನೋಡದೆ.

ಹೋಗಿಲ್ಲ. ಆಗಸ್ಟಿನಿಂದ ಇದೇ ಪಾಡು. ಮಧ್ಯವಯಸ್ಸಿನ ಗಂಡಸೊಬ್ಬ ಹಾಲಿನ ಬಾಟಲಿಯನ್ನು ಕೂಸಿನಂತೆ ಹಿಡಿದು ನಿಂತಿರುವುದು ನೋಡುವವರಿಗೆ ತಮಾಷೆಯಾಗಿ ಕಾಣಬಹುದು. ನಕ್ಕುಬಿಡಿ, ಬೇಸರವಿಲ್ಲ. ಆದರೆ ನಕ್ಕ ಮೇಲೆ ಸ್ವಲ್ಪ ಕೂತು ಕೇಳಿ.

ನನ್ನಲ್ಲಿ ಒಂದು ಹಳೆಯ ಕಾರಿದೆ. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ದೊಡ್ಡದು. ದೇಶ ಬಿಟ್ಟು ಹೋಗುತ್ತಿದ್ದ ಸಹೋದ್ಯೋಗಿಯಿಂದ ಕೊಂಡದ್ದು. ಕಾರ್ಬುರೇಟರ್ ಇರುವ, ಕಿಟಕಿಯನ್ನು ಕೈಯಲ್ಲಿ ತಿರುಗಿಸಿ ಇಳಿಸಬೇಕಾದ ಕಾರು. ಅದರ ಬಗ್ಗೆ ಮಾತಾಡುವಷ್ಟು ನಾನದನ್ನು ಓಡಿಸಿದವನಲ್ಲ. ಮನೆಗೆ ಬಂದವರನ್ನೆಲ್ಲ ಪಾರ್ಕಿಂಗಿಗೆ ಕರೆದೊಯ್ದು ಬಾನೆಟ್ ಎತ್ತಿ ಪಾಠ ಹೇಳುತ್ತಿದ್ದೆ. ಮಗಳು ಲಿಫ್ಟಿನ ಬಳಿಯೇ ನಿಂತು "ಪಪ್ಪಾ, ನಾಟ್ ಅಗೇನ್" ಎನ್ನುತ್ತಿದ್ದಳು.

ಎಂಜಿನ್ ಪೂರ್ತಿ ಸೋತಾಗ ಅದನ್ನು ಬಿಚ್ಚಿ ಕಟ್ಟಿದ್ದು ಮೆಕ್ಯಾನಿಕ್ ಅಬ್ಬಾಸಾಕ. ಉಳ್ಳಾಲದ ಕಡೆಯ ಬ್ಯಾರಿ. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಶೆಡ್ಡಿನಲ್ಲಿ ಮೂವತ್ತು ವರ್ಷದಿಂದ ಹಳೆಯ ಎಂಜಿನ್ನುಗಳನ್ನೇ ರಿಪೇರಿ ಮಾಡುತ್ತ ಬಂದವರು. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ನನ್ನನ್ನು ಅವರು ಕರೆಯುತ್ತಿದ್ದುದು "ಮಾಷ್ಟ್ರೆ" ಎಂದು. ನಾನು ಮೇಷ್ಟ್ರಲ್ಲ, ಒಂದು ಕಂಪನಿಯಲ್ಲಿ ಕಾಗದಪತ್ರ ನೋಡಿಕೊಳ್ಳುವವ. ಆದರೆ ಶೆಡ್ಡಿಗೆ ಹೋದಾಗಲೆಲ್ಲ ಫೋನಿನಲ್ಲಿ ಆ ಕಾರಿನ ಇಂಗ್ಲಿಷ್ ಕೈಪಿಡಿ ತೆರೆದು ಅವರಿಗೆ ಓದಿ ಹೇಳುತ್ತಿದ್ದೆ. ಅವರಿಗೆ ಇಂಗ್ಲಿಷ್ ಓದಲು ಬಾರದು. ಅದು ನನಗೆ ಎಷ್ಟು ಖುಷಿ ಕೊಡುತ್ತಿತ್ತು ಎಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಕಟ್ಟಿದ ಎಂಜಿನ್ ಚೆನ್ನಾಗಿಯೇ ಓಡಿತು. ಒಂದೇ ಕೊರತೆ, ಟಿಕ್ ಟಿಕ್ ಎಂಬ ಸದ್ದು. ಸಿಗ್ನಲ್ಲಿನಲ್ಲಿ ನಿಂತರೆ ಯಾರೋ ಬಾನೆಟ್ಟಿನೊಳಗೆ ಕೂತು ಹಳೆಯ ಟೈಪ್‌ರೈಟರ್ ಬಡಿದಂತೆ.

"ಅದು ವಾಲ್ವಿನದ್ದು," ಎಂದರು ಅಬ್ಬಾಸಾಕ. "ಇರ್ಲಿ ಬಿಡಿ."

"ಇಷ್ಟು ಸದ್ದು ಯಾಕೆ? ಹೊಸದಾಗಿ ಕಟ್ಟಿದ ಎಂಜಿನ್."

"ಸದ್ದು ಮಾಡುವ ವಾಲ್ವು ಜೀವಂತ ಉಂಟು ಮಾಷ್ಟ್ರೆ. ಮಾತು ನಿಲ್ಲಿಸಿದ್ದರ ಬಗ್ಗೆ ಹೆದ್ರಬೇಕು."

ವಾಲ್ವೆಂದರೆ ಎಂಜಿನ್ನಿನ ಬಾಗಿಲು. ಪೆಟ್ರೋಲು ಬೆರೆತ ಗಾಳಿ ಒಂದರಿಂದ ಒಳಗೆ, ಹೊಗೆ ಇನ್ನೊಂದರಿಂದ ಹೊರಗೆ. ಬಾಗಿಲಿಗೂ ಅದನ್ನು ತಳ್ಳುವ ಲೋಹದ ಬೆರಳಿಗೂ ನಡುವೆ ಕೂದಲೆಳೆಯಷ್ಟು ಅಂತರ ಬಿಟ್ಟಿರುತ್ತಾರೆ. ಲೋಹ ಕಾದರೆ ಬೆಳೆಯುತ್ತದಲ್ಲ, ಆ ಬೆಳವಣಿಗೆಗಾಗಿ ಬಿಟ್ಟ ಜಾಗ. ಜಾಗ ಕಡಿಮೆಯಾದರೆ ಸದ್ದು ಅಡಗುತ್ತದೆ, ಆದರೆ ಕಾದಾಗ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಇದೆಲ್ಲ ನನಗೆ ಆಗಲೇ ಗೊತ್ತಿತ್ತು. ಅತಿಥಿಗಳಿಗೆ ಇದನ್ನೇ ಪಾಠ ಮಾಡುತ್ತಿದ್ದೆನಲ್ಲ.

ಸದ್ದು ಅಡಗಿಸಿಕೊಡಿ ಎಂದು ಮೂರು ವಾರ ಕಾಡಿದ ಮೇಲೆ ಅವರು ಒಪ್ಪಿದರು. ಶನಿವಾರ ಬೆಳಿಗ್ಗೆ ಎಂಜಿನ್ನಿನ ಮೇಲಿನ ಮುಚ್ಚಳ ತೆಗೆದು, ತೆಳು ಉಕ್ಕಿನ ಅಳತೆಪಟ್ಟಿಗಳ ಗೊಂಚಲು ಹಿಡಿದು, "ಪುಸ್ತಕ ಎಂತ ಹೇಳ್ತದೆ, ಓದಿ" ಎಂದರು.

ಪುಟದಲ್ಲಿ ಎರಡು ಸಾಲುಗಳಿದ್ದವು. ಬಿಸಿ ಎಂಜಿನ್ನಿಗೆ ಒಂದು ಅಳತೆ, ಕಡಿಮೆ. ತಣ್ಣಗಿನ ಎಂಜಿನ್ನಿಗೆ ಇನ್ನೊಂದು, ಹೆಚ್ಚು. ಕಾರು ಗುರುವಾರದಿಂದ ಶೆಡ್ಡಿನಲ್ಲೇ ನಿಂತಿತ್ತು. ನಾನು ಎಂಜಿನ್ನನ್ನು ಮುಟ್ಟಿ ನೋಡಿದೆ. ಬಿಸಿ. ಆಗಸ್ಟಿನಲ್ಲಿ ಇಲ್ಲಿ ತಗಡಿನ ಶೆಡ್ಡಿನೊಳಗೆ ಯಾವುದು ಬಿಸಿ ಇರುವುದಿಲ್ಲ? ನಲ್ಲಿಯ ನೀರು, ಕುರ್ಚಿಯ ಹಿಡಿ, ಕಿಸೆಯೊಳಗಿನ ಕೀ, ಎಲ್ಲವೂ ಬಿಸಿ. ಬಿಸಿ ಎಂಜಿನ್ ಎಂದರೆ ಆಗಷ್ಟೇ ಓಡಿ ನಿಂತದ್ದು ಎಂದು ಆ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ನಾನು ಅಷ್ಟು ಕೆಳಗೆ ಹೋಗಲಿಲ್ಲ. ಕಡಿಮೆ ಅಳತೆ ಸಿಕ್ಕಿತ್ತು, ಸದ್ದು ಅಡಗುವ ಅಳತೆ. ಅದನ್ನು ಗಟ್ಟಿಯಾಗಿ ಓದಿದೆ.

ಅಬ್ಬಾಸಾಕ ಮೊದಲ ವಾಲ್ವನ್ನು ಆ ಅಳತೆಗೆ ಬಿಗಿದು, ಪಟ್ಟಿಯನ್ನು ಸಂದಿಗೆ ತೂರಿಸಿ, ಎಳೆದು, ಮತ್ತೆ ತೂರಿಸಿ ನೋಡಿದರು. "ಹೌದಾ?" ಎಂದು ಒಂದೇ ಮಾತು ಕೇಳಿದರು. "ಹೌದು, ಬರೆದದ್ದೇ ಉಂಟು" ಎಂದೆ. ಎಂಟು ವಾಲ್ವುಗಳನ್ನೂ ಹಾಗೆಯೇ ಮಾಡಿಕೊಟ್ಟರು.

ಆಮೇಲಿನ ಒಂದು ವಾರ ಕಾರು ಎಷ್ಟು ಮೌನವಾಗಿತ್ತೆಂದರೆ ಗಡಿಯಾರದ ಸದ್ದು ಕೇಳುತ್ತಿತ್ತು. ಎಂಟನೆಯ ದಿನ ಏರು ಹತ್ತುವಾಗ ಉಸಿರು ಕಟ್ಟಿದಂತೆ ಮಾಡಿತು. ನಿಂತಲ್ಲಿ ನಡುಗತೊಡಗಿತು. ಒಮ್ಮೆ ಕೆಮ್ಮಿತು, ಹಿಂದಿನ ಪೈಪಿನಿಂದಲ್ಲ, ಮುಂದೆ ಬಾನೆಟ್ಟಿನೊಳಗಿನಿಂದ.

ಶೆಡ್ಡಿಗೆ ತಂದಾಗ ಅಬ್ಬಾಸಾಕ ಒಂದು ಕಾಗದದ ಚೂರನ್ನು ಹೊಗೆಪೈಪಿನ ಬಾಯಿಗೆ ಹಿಡಿದರು. ಆರೋಗ್ಯವಂತ ಎಂಜಿನ್ ಕಾಗದವನ್ನು ಒಂದೇ ಸಮ ಹೊರಗೆ ತಳ್ಳಬೇಕು. ಇದು ತಳ್ಳಿತು, ತಳ್ಳಿತು, ಆಮೇಲೆ ಕಾಗದವನ್ನು ಒಳಗೆ ಎಳೆದುಕೊಂಡಿತು. "ಯಾ ರಬ್," ಎಂದು ದೇವರನ್ನು ಕರೆದರು. ಒಂದೊಂದೇ ಸಿಲಿಂಡರಿನ ಒತ್ತಡ ಅಳೆದಾಗ ಮೂರನೆಯದು ಅರ್ಧಕ್ಕೆ ಇಳಿದಿತ್ತು. ಅದರೊಳಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆದರು. ಮುಳ್ಳು ಏರಲಿಲ್ಲ. ಪಿಸ್ಟನ್ನಿನ ಉಂಗುರ ಸವೆದಿದ್ದರೆ ಎಣ್ಣೆಗೆ ಏರುತ್ತಿತ್ತಂತೆ.

"ಹಾಗಾದ್ರೆ ವಾಲ್ವೇ. ಬಾಗಿಲು ಹಾಕಿಕೊಳ್ತಾ ಇಲ್ಲ," ಎಂದರು. "ಹೊಗೆ ಹೋಗುವ ಬಾಗಿಲಾ, ಗಾಳಿ ಬರುವುದಾ, ಅದೊಂದು ನೋಡ್ಬೇಕು. ನೀವು ಕೂತು ಕೀ ತಿರುಗಿಸಿ."

ಆಗ ನನಗೆ ಆ ಎರಡು ಸಾಲುಗಳ ನೆನಪಾಯಿತೇ? ಆಯಿತು. ಇದನ್ನು ಈವರೆಗೆ ಸುಮತಿಗೂ ಹೇಳಿಲ್ಲ. ನೆನಪಾಯಿತು, ಆಮೇಲೆ ಹೇಳೋಣ ಎಂದುಕೊಂಡು ಸೀಟಿನಲ್ಲಿ ಕೂತೆ.

ಬಾನೆಟ್ ಎತ್ತಿದ ಕಾರಿನೊಳಗೆ ಕೂತರೆ ಮುಂದಿನದೇನೂ ಕಾಣುವುದಿಲ್ಲ. ಬಾನೆಟ್ಟಿನ ಬುಡದಲ್ಲಿ ಎರಡು ಬೆರಳಗಲದ ಸೀಳು ಮಾತ್ರ. ಅದರಲ್ಲಿ ಅಬ್ಬಾಸಾಕರ ನೀಲಿ ಅಂಗಿ ಕಾಣುತ್ತಿತ್ತು. ಅವರು ಕಾರ್ಬುರೇಟರಿನ ಮೇಲಿನ ಡಬ್ಬಿ ತೆಗೆದು, ಅದರ ಗಂಟಲಿಗೆ ಒಂದು ಮುಚ್ಚಳ ಪೆಟ್ರೋಲು ಹೊಯ್ದು, ಬಗ್ಗಿ ನೋಡುತ್ತಿದ್ದರು. "ಯಲ್ಲಾ ಮಾಷ್ಟ್ರೆ, ತಿರುಗಿಸಿ!" ಎಂದರು. ತಿರುಗಿಸಿದೆ. ಎಂಜಿನ್ ಹಿಡಿದು ಒಂದು ನಿಮಿಷ ಓಡಿ ಸತ್ತಿತು. ಮತ್ತೆ ಪೆಟ್ರೋಲು, ಮತ್ತೆ ತಿರುಗಿಸಿದೆ.

ಒಂದು ಗುದ್ದು. ಆ ಸೀಳಿನ ತುಂಬ ಕಿತ್ತಳೆ ಬಣ್ಣ. ಮೊದಲು ಸದ್ದಾಯಿತೋ ಬಣ್ಣ ಬಂತೋ, ಎಷ್ಟು ಸಲ ನೆನೆದರೂ ಪ್ರತಿ ಸಲ ಬೇರೆಯಾಗಿ ನೆನಪಾಗುತ್ತದೆ. ನೀಲಿ ಅಂಗಿ ಇರಲಿಲ್ಲ. "ನಿಲ್ಲಿಸ್ಬೇಡಿ! ತಿರುಗಿಸ್ತಾ ಇರಿ, ಬೆಂಕಿ ಒಳಗೆ ಎಳ್ಕೊಳ್ತದೆ!" ಎಂದು ನೆಲದ ಮಟ್ಟದಿಂದ ಅವರ ಕೂಗು ಕೇಳಿಸಿತು. ನಾನು ಕೀ ಬಿಟ್ಟು ಹೊರಗೆ ಹಾರಿದೆ. ಮುಖದ ಒಂದು ಬದಿಯನ್ನು ಕೈಯಲ್ಲಿ ಮುಚ್ಚಿಕೊಂಡ ಆ ಮನುಷ್ಯ ಇನ್ನೊಂದು ಕೈಯಲ್ಲಿ ಒದ್ದೆ ಗೋಣಿ ಎಳೆದು ಎಂಜಿನ್ನಿನ ಮೇಲೆ ಹಾಕಿದರು. ಬೆಂಕಿ ಆರಿತು. ಪೂರ್ತಿ ಮುಚ್ಚದ ವಾಲ್ವಿನ ಸಂದಿಯಿಂದ ಒಳಗಿನ ಬೆಂಕಿ ಹಿಂದಕ್ಕೆ ನುಗ್ಗಿ ಗಂಟಲಿನ ಪೆಟ್ರೋಲಿಗೆ ಹತ್ತಿತ್ತು. ನಾನು ಎಲ್ಲಿದ್ದೆ? ಆರು ಹೆಜ್ಜೆ ದೂರದಲ್ಲಿ, ಕೈಯಲ್ಲಿ ಫೋನು. ಪರದೆಯ ಮೇಲೆ ಅದೇ ಕೈಪಿಡಿ.

ಅವರ ಎಡಗಣ್ಣಿಗೆ ಏನೂ ಆಗಲಿಲ್ಲ. ಬಲಗಣ್ಣಿನ ಬಗ್ಗೆ ಅದಕ್ಕೆ ಕಟ್ಟಿದ ಪಟ್ಟಿ ಬಿಚ್ಚುವ ತನಕ ಹೇಳಲಾಗದು ಎಂದರು ಡಾಕ್ಟರು. ಅಬ್ಬಾಸಾಕರ ಎಡಗಣ್ಣು ಮೊದಲೇ ಮಂಜು. ಕೆಲಸವೆಲ್ಲ ನಡೆಯುತ್ತಿದ್ದುದು ಬಲಗಣ್ಣಿನಿಂದ. ಅದು ಹೋದರೆ ಶೆಡ್ಡು ಖಲಾಸ್, ಮೂವತ್ತು ವರ್ಷದ ಕೈಗೆಲಸವೂ ಖಲಾಸ್.

ಅವರನ್ನು ಅಬುಧಾಬಿಯ ಬನಿಯಾಸ್‌ನಲ್ಲಿರುವ ತಂಗಿಯ ಮನೆಗೆ ಕರೆದೊಯ್ದಿದ್ದರು. ಎರಡು ಸಲ ಹೊರಟು ಅರ್ಧ ದಾರಿಯಿಂದ ಹಿಂದೆ ಬಂದೆ. ಮೂರನೆಯ ಸಲ ತಲುಪಿದೆ. ಅವರು ಸೋಫಾದಲ್ಲಿ ನೆಟ್ಟಗೆ ಕೂತಿದ್ದರು, ಕಣ್ಣಿಗೆ ಪಟ್ಟಿ, ಹುಬ್ಬು ಇಲ್ಲ.

"ಬನ್ನಿ ಮಾಷ್ಟ್ರೆ. ಹುಬ್ಬಿಗೆ ಕಟಿಂಗ್ ಫ್ರೀ ಸಿಕ್ಕಿತು ನೋಡಿ," ಎಂದರು.

ನನಗೆ ನಗು ಬರಲಿಲ್ಲ. ನಿಂತೇ ಹೇಳಿದೆ. ಎರಡು ಸಾಲು ಇದ್ದದ್ದು, ನಾನು ತಪ್ಪು ಸಾಲು ಓದಿದ್ದು, ಕೀ ತಿರುಗಿಸುವ ಮೊದಲೇ ಅದು ನೆನಪಾದದ್ದು. ಒಳಗೆ ಚಹಾ ಮಾಡುತ್ತಿದ್ದ ತಂಗಿಯ ಲೋಟದ ಸದ್ದು ನಿಂತಿತು.

ಅಬ್ಬಾಸಾಕ ಹೆಬ್ಬೆರಳು ತೋರುಬೆರಳುಗಳನ್ನು ಮೆಲ್ಲಗೆ ಉಜ್ಜುತ್ತಿದ್ದರು, ನಡುವೆ ಏನೋ ತೆಳುವಾದದ್ದು ಇದ್ದಂತೆ.

"ಬಿಗಿ ಉಂಟೂಂತ ಈ ಬೆರಳಿಗೆ ಅವತ್ತೇ ಗೊತ್ತಾಗಿತ್ತು," ಎಂದರು. "ನಾನು ಬೆರಳನ್ನು ಬಿಟ್ಟು ನಿಮ್ಮನ್ನು ನಂಬಿದೆ. ಓದಿದವರು ಅಲ್ವಾ ಅಂತ." ಬೆರಳುಗಳನ್ನು ಬಿಡಿಸಿ ಕೈಯನ್ನು ಮೊಣಕಾಲ ಮೇಲಿಟ್ಟರು. "ಆದ್ರೆ ನೆನಪಾದ ಮೇಲೆ ಹೇಳ್ಬೇಕಿತ್ತು ಮಾರಾಯ್ರೆ. ಅದು ಸರಿಯಾಗ್ಲಿಲ್ಲ."

"ಇಲ್ಲ, ಸರಿಯಾಗ್ಲಿಲ್ಲ," ಎಂದೆ.

"ಫೋನ್ ಉಂಟಾ ಕೈಯಲ್ಲಿ? ಆ ಪೇಜ್ ತೆಗೀರಿ. ಓದಿ. ಈ ಸಲ ಇಡೀ ಓದಿ."

ಕಣ್ಣಿಗೆ ಪಟ್ಟಿ ಕಟ್ಟಿದ ಮನುಷ್ಯನ ಮುಂದೆ ಕೂತು, ಆ ಪುಟವನ್ನು ಮೇಲಿನಿಂದ ಸಣ್ಣ ಅಕ್ಷರದ ತನಕ ಒಂದೊಂದೇ ವಾಕ್ಯ ಕನ್ನಡ ಮಾಡಿ ಓದಿದೆ. ನಡುವೆ ಎರಡು ಸಲ ಒಂದು ಪದಕ್ಕೆ ಕನ್ನಡ ಸಿಗದೆ ತಡವರಿಸಿದೆ. ಅವರು ಕಾದರು.

ಪಟ್ಟಿ ಬಿಚ್ಚಿದ ಮೇಲೆ ಬಲಗಣ್ಣು ಬಂತು, ಪೂರ್ತಿಯಲ್ಲ. ಮನುಷ್ಯರು ಕಾಣುತ್ತಾರೆ, ಬೋಲ್ಟುಗಳು ಕಾಣುತ್ತವೆ. ಅಳತೆಪಟ್ಟಿಯ ಮೇಲೆ ಕೊರೆದ ಅಂಕಿ ಕಾಣುವುದಿಲ್ಲ. ಶೆಡ್ಡು ಮತ್ತೆ ತೆರೆದಿದೆ. ನನ್ನ ಕಾರಿನ ಸುಟ್ಟ ವಾಲ್ವು ಬದಲಾಗಿ, ಅದು ಈಗ ಪುನಃ ಟೈಪ್‌ರೈಟರಿನಂತೆ ಸದ್ದು ಮಾಡುತ್ತದೆ. ಅತಿಥಿಗಳನ್ನು ನಾನು ಕೆಳಗೆ ಕರೆದೊಯ್ಯುವುದಿಲ್ಲ.

ಇವತ್ತು ಹಾಲಿನ ಬಾಟಲಿ ಕೆಳಗಿಟ್ಟು ಚಹಾ ಕೈಗೆತ್ತಿಕೊಳ್ಳುವಷ್ಟರಲ್ಲಿ ಅಬ್ಬಾಸಾಕರ ಫೋನು ಬಂತು.

"ಮಾಷ್ಟ್ರೆ, ಒಂದು ಬೇರೆ ಗಾಡಿ ಬಂದಿದೆ. ಪುಸ್ತಕದ ಪೇಜಿನದ್ದು, ಅಳತೆಪಟ್ಟಿದ್ದು ಫೋಟೊ ಕಳಿಸಿದ್ದೇನೆ. ಓದಿ ಹೇಳಿ."

ಪುಟವನ್ನು ಮೇಲಿನಿಂದ ಕೆಳಗಿನ ತನಕ ಓದಿದೆ. ಇನ್ನೊಮ್ಮೆ ಓದಿದೆ. "ಗಾಡಿ ಯಾವಾಗ ಓಡಿದ್ದು?" ಎಂದು ಕೇಳಿದೆ. "ನಿನ್ನೆ" ಎಂದರು. ತಣ್ಣಗಿನ ಎಂಜಿನ್ನಿನ ಅಳತೆ ಹೇಳಿ, ಅವರ ಕೈಯಲ್ಲಿದ್ದ ಪಟ್ಟಿ ಅದೇ ಹೌದೆಂದೂ ಹೇಳಿದೆ. ಆಮೇಲೆ, "ಹಾಕಿ ನೋಡಿ. ನಿಮ್ಮ ಬೆರಳು ಎಂತ ಹೇಳ್ತದೆ?" ಎಂದು ಕೇಳಿದೆ.

ಆ ಕಡೆಯಿಂದ ಉಕ್ಕಿನ ಪಟ್ಟಿ ಸಂದಿಯೊಳಗೆ ಹೋಗುವ, ಹೊರಬರುವ, ಮತ್ತೆ ಹೋಗುವ ಸಣ್ಣ ಸದ್ದು ಮಾತ್ರ. ನಾನು ಅವಸರ ಮಾಡಲಿಲ್ಲ. ಚಹಾ ಆರುತ್ತ ಹೋಯಿತು.